ಉಳಿತಾಯದಲ್ಲಿ ಪಾಲು ಕೇಳಿದ ಯಂತ್ರಶಿಲ್ಪಿ: ಜೇಮ್ಸ್ ವಾಟ್

ನಮ್ಮ ಅಡಿಕೆ ತೋಟಗಳ ಪಂಪಿನ ಮೈಮೇಲೆ ಒಂದು ಸಣ್ಣ ತಗಡಿನ ಪಟ್ಟಿ ಇರುತ್ತದೆ. ಅದರ ಮೇಲೆ ಇಷ್ಟು ಎಚ್.ಪಿ. ಎಂದು ಕೊರೆದಿರುತ್ತಾರೆ. ಮನೆಯ ದೀಪದ ಮೇಲೆ ಇಷ್ಟು ವಾಟ್ ಎಂದಿರುತ್ತದೆ. ಎರಡು ತಿಂಗಳಿಗೊಮ್ಮೆ ಬರುವ ವಿದ್ಯುತ್ ಬಿಲ್ಲಿನ ಲೆಕ್ಕವೂ ಸಾವಿರ ವಾಟ್-ಗಂಟೆಯ ಯೂನಿಟ್ಟಿನಲ್ಲೇ. ಮೊದಲನೆಯದು ಒಬ್ಬ ಮನುಷ್ಯನು ಲೆಕ್ಕ ಹಾಕಿ ಬಳಕೆಗೆ ತಂದ ಅಳತೆ. ಎರಡನೆಯದು ಅದೇ ಮನುಷ್ಯನ ಹೆಸರು. ಆತನೇ ಜೇಮ್ಸ್ ವಾಟ್. ಉಗಿಯಂತ್ರದ ಪಿತಾಮಹನೆಂದು ಶಾಲೆಯ ಪಾಠಗಳಲ್ಲಿ ಆತನನ್ನು ನಾವೆಲ್ಲ ಓದಿದ್ದೇವೆ. ಆದರೆ ಆತನ ಜೀವನದ ಇನ್ನೊಂದು ಮುಖ ಅಷ್ಟಾಗಿ ಬೆಳಕಿಗೆ ಬಂದಿಲ್ಲ. ಹೊಸ ಯಂತ್ರವೊಂದು ಹುಟ್ಟಿದಾಗ ಅದನ್ನು ಮಾರುವುದು ಹೇಗೆ, ಅದರಿಂದ ಬಂದ ಲಾಭ ಯಾರ ಪಾಲಿಗೆ ಹೋಗಬೇಕು ಎಂಬ ಪ್ರಶ್ನೆಯನ್ನು ಮೊತ್ತಮೊದಲು ದೊಡ್ಡ ಪ್ರಮಾಣದಲ್ಲಿ ಎದುರಿಸಿದವರಲ್ಲಿ ಆತನೊಬ್ಬ. ಇಂದು ಅದೇ ಪ್ರಶ್ನೆ ನಮ್ಮ ಅಂಗಡಿ, ತೋಟ, ಕಚೇರಿಗಳ ಬಾಗಿಲಿಗೆ ಬಂದಿರುವುದರಿಂದ ಆ ಜೀವನವನ್ನು ಮತ್ತೊಮ್ಮೆ ತಿರುವಿ ನೋಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಬಾಲ್ಯ ಮತ್ತು ಕಸುಬು

ವಾಟ್ ಹುಟ್ಟಿದ್ದು 1736ರ ಜನವರಿ 19ರಂದು, ಸ್ಕಾಟ್ಲೆಂಡಿನ ಗ್ರೀನಕ್ ಎಂಬ ಬಂದರು ಊರಿನಲ್ಲಿ. ತಂದೆ ಹಡಗು ಕಟ್ಟುವ ಕೆಲಸದವನು. ಹಡಗಿಗೆ ಬೇಕಾದ ಸಾಮಾನುಗಳ ವ್ಯಾಪಾರವೂ ಇತ್ತು. ಹುಡುಗ ಅಶಕ್ತ, ತಲೆನೋವು ಆತನನ್ನು ಜೀವಮಾನವಿಡೀ ಬಿಡಲಿಲ್ಲ. ಆದುದರಿಂದ ಶಾಲೆಗಿಂತ ಮನೆಯಲ್ಲೂ ತಂದೆಯ ಕಾರ್ಯಾಗಾರದಲ್ಲೂ ಕಲಿತದ್ದೇ ಹೆಚ್ಚು. ಸಣ್ಣ ಸಣ್ಣ ಉಪಕರಣಗಳನ್ನು ಬಿಚ್ಚುವುದು, ಜೋಡಿಸುವುದು, ಮಾದರಿ ಮಾಡುವುದು ಇವೇ ಆತನ ಆಟ.

ಒಲೆಯ ಮೇಲಿನ ಕೆಟಲಿನ ಮುಚ್ಚಳ ಉಗಿಯಿಂದ ಕುಣಿಯುವುದನ್ನು ಕಂಡು ಬಾಲಕ ವಾಟ್ ಉಗಿಯಂತ್ರವನ್ನು ಕಂಡುಹಿಡಿದನೆಂಬ ಕತೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಕತೆ ಚೆನ್ನಾಗಿದೆ, ಆದರೆ ಚರಿತ್ರೆ ಹಾಗಿಲ್ಲ. ವಾಟ್ ಹುಟ್ಟುವುದಕ್ಕೆ 24 ವರ್ಷ ಮೊದಲೇ, 1712ರಲ್ಲಿ, ಥಾಮಸ್ ನ್ಯೂಕಾಮನ್ ಎಂಬವನು ಗಣಿಯ ನೀರೆತ್ತುವ ಉಗಿಯಂತ್ರವನ್ನು ಇಂಗ್ಲೆಂಡಿನಲ್ಲಿ ನಡೆಸಿ ತೋರಿಸಿದ್ದ. ವಾಟ್ ಮಾಡಿದ್ದು ಹೊಸ ಸೃಷ್ಟಿಯಲ್ಲ, ಸುಧಾರಣೆ. ಆದರೆ ಆ ಸುಧಾರಣೆ ಎಷ್ಟು ಆಳವಾಗಿತ್ತೆಂದರೆ ಜಗತ್ತಿನ ವ್ಯಾಪಾರವೇ ಮಗ್ಗುಲು ಬದಲಿಸಿತು.

ತಾಯಿ 1753ರಲ್ಲಿ ತೀರಿಕೊಂಡಳು. ಗಣಿತೋಪಕರಣಗಳನ್ನು ಮಾಡುವ ಕಸುಬು ಕಲಿಯಲು ವಾಟ್ 1755ರಲ್ಲಿ ಲಂಡನ್ನಿಗೆ ಹೋದ. ಆ ಕಸುಬಿಗೆ ಏಳು ವರ್ಷದ ಶಿಷ್ಯವೃತ್ತಿ ನಡೆಸಬೇಕೆಂಬುದು ರೂಢಿ. ಆತ ಶುಲ್ಕ ಕೊಟ್ಟು ಒಂದೇ ವರ್ಷದಲ್ಲಿ ಕಲಿತು, ಆರೋಗ್ಯ ಕೆಡಿಸಿಕೊಂಡು ಊರಿಗೆ ಮರಳಿದ. 1757ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯ ತನ್ನ ಆವರಣದೊಳಗೆ ಆತನಿಗೊಂದು ಕಾರ್ಯಾಗಾರಕ್ಕೆ ಜಾಗ ಕೊಟ್ಟಿತು. ತಕ್ಕಡಿ, ಮಾಪಕ, ಸಂಗೀತದ ವಾದ್ಯ, ಏನು ಬಂದರೂ ದುರಸ್ತಿ ಮಾಡಿ ಕೊಡುವ ಆ ಸಣ್ಣ ಅಂಗಡಿಗೆ ಪ್ರಾಧ್ಯಾಪಕರೂ ಬಂದು ಕೂರುತ್ತಿದ್ದರು. ಉಷ್ಣದ ಗುಣವನ್ನು ಅಭ್ಯಾಸ ಮಾಡುತ್ತಿದ್ದ ಜೋಸೆಫ್ ಬ್ಲ್ಯಾಕ್ ಅವರಲ್ಲೊಬ್ಬ. ಅರ್ಥಶಾಸ್ತ್ರದ ಆದಿಪುರುಷನೆನಿಸಿದ ಆ್ಯಡಂ ಸ್ಮಿತ್ 1764ರ ತನಕ ಅದೇ ವಿಶ್ವವಿದ್ಯಾನಿಲಯದಲ್ಲಿ ಕಲಿಸುತ್ತಿದ್ದ.

ಪೋಲಾಗುವ ಉಗಿ

1763ರ ಚಳಿಗಾಲದಲ್ಲಿ ವಿಶ್ವವಿದ್ಯಾನಿಲಯದ ನ್ಯೂಕಾಮನ್ ಯಂತ್ರದ ಮಾದರಿಯೊಂದು ದುರಸ್ತಿಗೆ ವಾಟ್‌ನ ಕೈಗೆ ಬಂತು. ಆ ಯಂತ್ರದ ಕೆಲಸ ಹೀಗೆ: ಸಿಲಿಂಡರಿನೊಳಗೆ ಉಗಿ ತುಂಬಬೇಕು, ಬಳಿಕ ಅದರೊಳಗೇ ತಣ್ಣೀರು ಚಿಮ್ಮಿಸಬೇಕು, ಉಗಿ ನೀರಾಗಿ ಒಳಗೆ ಬರಿದಾದಾಗ ಹೊರಗಿನ ಗಾಳಿಯ ಭಾರ ಪಿಸ್ಟನ್ನನ್ನು ಕೆಳಕ್ಕೊತ್ತುತ್ತದೆ. ಪಿಸ್ಟನ್ನಿಗೆ ಕಟ್ಟಿದ ದೊಡ್ಡ ತೊಲೆ ನಮ್ಮ ಏತದ ಮರದಂತೆ ಏರಿ ಇಳಿದು ಗಣಿಯ ನೀರನ್ನು ಮೇಲೆತ್ತುತ್ತದೆ. ವಾಟ್ ಅಳೆದು ನೋಡಿದ. ಪ್ರತಿ ಸಲವೂ ಸಿಲಿಂಡರನ್ನು ತಣಿಸಿ ಮತ್ತೆ ಕಾಯಿಸುವುದರಲ್ಲೇ ಉಗಿಯ ಸುಮಾರು ಮುಕ್ಕಾಲು ಪಾಲು ವ್ಯರ್ಥವಾಗುತ್ತಿತ್ತು. ಅಂದರೆ ನಾಲ್ಕು ಬುಟ್ಟಿ ಕಲ್ಲಿದ್ದಲು ಉರಿಸಿದರೆ ಮೂರು ಬುಟ್ಟಿ ಕಬ್ಬಿಣವನ್ನು ಕಾಯಿಸುವುದಕ್ಕೇ ಹೋಗುತ್ತಿತ್ತು.

ಪರಿಹಾರ ಹೊಳೆದದ್ದು 1765ರ ವಸಂತದ ಒಂದು ಭಾನುವಾರ, ಗ್ಲಾಸ್ಗೋದ ಹುಲ್ಲುಗಾವಲಿನಲ್ಲಿ ಅಡ್ಡಾಡುತ್ತಿದ್ದಾಗ. ಉಗಿಯನ್ನು ಸಿಲಿಂಡರಿನೊಳಗೆ ತಣಿಸುವುದೇಕೆ? ಪಕ್ಕದಲ್ಲಿ ಬೇರೊಂದು ಪಾತ್ರೆಯನ್ನಿಟ್ಟು ಉಗಿಯನ್ನು ಅಲ್ಲಿಗೆ ಹಾಯಿಸಿ ತಣಿಸಿದರೆ ಸಿಲಿಂಡರು ಸದಾ ಬಿಸಿಯಾಗಿಯೇ ಉಳಿಯುತ್ತದೆ. ಕೇಳುವುದಕ್ಕೆ ಇಷ್ಟು ಸರಳ. ಆದರೆ ಹೊಳೆದದ್ದು ಕೈಗೆ ಬರಲು ಹನ್ನೊಂದು ವರ್ಷ ಹಿಡಿಯಿತು.

ಆ ಹನ್ನೊಂದು ವರ್ಷಗಳ ಕತೆ ಯಾವ ಸಣ್ಣ ಉದ್ಯಮಿಗೂ ಅಪರಿಚಿತವಲ್ಲ. ಕೈಯಲ್ಲಿ ಹಣವಿಲ್ಲ. ಬ್ಲ್ಯಾಕ್ ಸಾಲ ಕೊಟ್ಟ. ಬಳಿಕ ಕ್ಯಾರನ್ ಕಬ್ಬಿಣ ಕಾರ್ಖಾನೆಯ ಸ್ಥಾಪಕರಲ್ಲೊಬ್ಬನಾದ ಜಾನ್ ರೋಬಕ್ ಆ ಸಾಲವನ್ನು ತನ್ನ ಮೇಲೆ ಹಾಕಿಕೊಂಡು, ಪ್ರತಿಯಾಗಿ ಆವಿಷ್ಕಾರದ ಮೂರರಲ್ಲಿ ಎರಡು ಪಾಲನ್ನು ಬರೆಸಿಕೊಂಡ. 1769ರಲ್ಲಿ ಪೇಟೆಂಟು ದೊರೆಯಿತು. ಆದರೆ ಸಿಲಿಂಡರನ್ನು ನೇರವಾಗಿ, ಗುಂಡಗೆ ಕೊರೆಯಬಲ್ಲ ಕುಶಲಿಗಳು ಸಿಗಲಿಲ್ಲ. ಪಿಸ್ಟನ್ನಿನ ಸಂದಿಯಿಂದ ಉಗಿ ಸೋರಿ ಹೋಗುತ್ತಿತ್ತು. ಮಡದಿ ಮಕ್ಕಳ ಹೊಟ್ಟೆ ಹೊರೆಯಲು ವಾಟ್ ಕಾಲುವೆಗಳಿಗಾಗಿ ನೆಲವಳೆಯುವ ಕೆಲಸಕ್ಕೆ ಹೋದ. 1773ರಲ್ಲಿ ಎರಡು ಏಟುಗಳು ಒಟ್ಟಿಗೆ ಬಿದ್ದವು. ರೋಬಕ್ ದಿವಾಳಿಯಾದ. ವಾಟ್ ದೂರದ ಬೆಟ್ಟಸೀಮೆಯಲ್ಲಿ ಅಳತೆಯ ಕೆಲಸದಲ್ಲಿದ್ದಾಗ ಮಡದಿ ಮಾರ್ಗರೆಟ್ ಹೆರಿಗೆಯಲ್ಲಿ ತೀರಿಕೊಂಡಳು.

ಬೋಲ್ಟನ್ ಎಂಬ ವ್ಯಾಪಾರಿ

ರೋಬಕ್‌ನ ಸಾಲಗಾರರಲ್ಲಿ ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ ಒಬ್ಬ. ಸೊಹೊ ಎಂಬಲ್ಲಿ ಗುಂಡಿ, ಬಕ್ಕಲು, ಬೆಳ್ಳಿ ಸಾಮಾನುಗಳನ್ನು ಮಾಡುವ ದೊಡ್ಡ ಕಾರ್ಖಾನೆಯ ಒಡೆಯ. ಆತನ ಯಂತ್ರಗಳು ನೀರಿನ ಚಕ್ರದಿಂದ ನಡೆಯುತ್ತಿದ್ದವು. ಬೇಸಗೆಯಲ್ಲಿ ನೀರು ಬತ್ತಿದರೆ ಕೆಲಸ ನಿಲ್ಲುತ್ತಿತ್ತು. ಬರಬೇಕಾದ ಹಣಕ್ಕೆ ಬದಲಾಗಿ ಆತ ರೋಬಕ್‌ನ ಪೇಟೆಂಟಿನ ಪಾಲನ್ನು ತೆಗೆದುಕೊಂಡ. ಇತರ ಸಾಲಗಾರರಿಗೆ ಬೆಲೆಯಿಲ್ಲವೆಂದು ಕಂಡದ್ದು ಬೋಲ್ಟನ್‌ನ ಕಣ್ಣಿಗೆ ಬಂಗಾರವಾಗಿ ಕಂಡಿತು.

1774ರಲ್ಲಿ ವಾಟ್ ಬರ್ಮಿಂಗ್‌ಹ್ಯಾಮಿಗೆ ಬಂದು ನೆಲೆಸಿದ. ಮರುವರ್ಷ ಪಾರ್ಲಿಮೆಂಟಿನ ವಿಶೇಷ ಶಾಸನದಿಂದ ಪೇಟೆಂಟಿನ ಅವಧಿ 1800ರ ತನಕ ಮುಂದುವರಿಯಿತು. ಒಬ್ಬರಿಗೆ ಇಷ್ಟು ದೀರ್ಘ ಏಕಸ್ವಾಮ್ಯ ಕೊಡುವುದು ಸಲ್ಲದೆಂದು ಎಡ್ಮಂಡ್ ಬರ್ಕ್‌ನಂಥವರು ವಿರೋಧಿಸಿದರೂ ಶಾಸನ ಪಾಸಾಯಿತು. ಅದೇ ಹೊತ್ತಿಗೆ ಜಾನ್ ವಿಲ್ಕಿನ್ಸನ್ ಎಂಬ ಕಬ್ಬಿಣದ ಉದ್ಯಮಿ ಫಿರಂಗಿ ಕೊರೆಯಲು ಹೊಸ ಯಂತ್ರವೊಂದನ್ನು ಮಾಡಿದ್ದ. ಫಿರಂಗಿಗೆ ಬಂದ ಆ ನಿಖರತೆ ಸಿಲಿಂಡರಿಗೂ ಒದಗಿತು. ಒಬ್ಬನ ಬುದ್ಧಿ ಫಲಿಸಲು ಇನ್ನೊಬ್ಬನ ಕೈಚಳಕ ಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

1776ರ ಮಾರ್ಚ್ 8ರಂದು ಟಿಪ್ಟನ್ ಬಳಿಯ ಕಲ್ಲಿದ್ದಲು ಗಣಿಯಲ್ಲಿ ಹೊಸ ಯಂತ್ರ ಜನರ ಮುಂದೆ ನಡೆಯಿತು. ಮರುದಿನ, ಮಾರ್ಚ್ 9ರಂದು, ಆ್ಯಡಂ ಸ್ಮಿತ್‌ನ ರಾಷ್ಟ್ರಗಳ ಸಂಪತ್ತಿನ ಕುರಿತಾದ ಮಹಾಗ್ರಂಥ ಲಂಡನ್ನಿನಲ್ಲಿ ಪ್ರಕಟವಾಯಿತು. ಹಳೆಯ ಆರ್ಥಿಕ ವ್ಯವಸ್ಥೆಯನ್ನು ವಿವರಿಸಿದ ಪುಸ್ತಕವೂ ಅದನ್ನು ಬದಲಿಸಲಿದ್ದ ಯಂತ್ರವೂ ಒಂದೇ ವಾರದಲ್ಲಿ ಲೋಕಕ್ಕೆ ಬಂದುವು.

ಯಂತ್ರ ಮಾರಲಿಲ್ಲ, ಉಳಿತಾಯ ಮಾರಿದರು

ಇಲ್ಲಿಂದ ಮುಂದಿನದು ನಾವು ಮುಖ್ಯವಾಗಿ ಹೇಳಹೊರಟಿರುವ ಸಂಗತಿ. ಇಂಗ್ಲೆಂಡಿನ ನೈರುತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ ತವರ ಮತ್ತು ತಾಮ್ರದ ಆಳವಾದ ಗಣಿಗಳಿದ್ದವು. ಆಳಕ್ಕೆ ಹೋದಂತೆ ನೀರು ಹೆಚ್ಚು. ಆದರೆ ಆ ಸೀಮೆಯಲ್ಲಿ ಕಲ್ಲಿದ್ದಲು ಇಲ್ಲ. ವೇಲ್ಸ್‌ನಿಂದ ಹಡಗಿನಲ್ಲಿ ತರಿಸಬೇಕು. ನೀರೆತ್ತುವ ಖರ್ಚೇ ಗಣಿಯನ್ನು ನುಂಗುತ್ತಿತ್ತು. ಕಡಿಮೆ ಕಲ್ಲಿದ್ದಲಿನಲ್ಲಿ ನಡೆಯುವ ಯಂತ್ರಕ್ಕೆ ಇದಕ್ಕಿಂತ ತಕ್ಕ ಗಿರಾಕಿಗಳು ಎಲ್ಲಿ ಸಿಕ್ಕಾರು?

ಆದರೆ ಹೊಸ ಯಂತ್ರಕ್ಕೆ ಒಮ್ಮೆಲೇ ದೊಡ್ಡ ಬೆಲೆ ಕೊಡಲು ಗಣಿಯವರು ಸಿದ್ಧರಿರಲಿಲ್ಲ. ಬೋಲ್ಟನ್ ಮತ್ತು ವಾಟ್ ಬೇರೆ ದಾರಿ ಹಿಡಿದರು. ಸಿಲಿಂಡರನ್ನು ಗಣಿಯವರೇ ವಿಲ್ಕಿನ್ಸನ್‌ನಿಂದ ಕೊಂಡುಕೊಳ್ಳಬೇಕು. ಇತರ ಭಾಗಗಳನ್ನು ಹಲವು ಕಡೆಗಳಿಂದ ತರಿಸಬೇಕು. ಕವಾಟದಂಥ ಕೆಲವು ಸೂಕ್ಷ್ಮ ಭಾಗಗಳು ಮಾತ್ರ ಸೊಹೊದಿಂದ. ನಕ್ಷೆ ವಾಟ್‌ನದು, ನಿಲ್ಲಿಸಿ ಕೊಡುವ ಮೇಲ್ವಿಚಾರಣೆ ಆತನ ಕಡೆಯ ಕುಶಲಿಗಳದು. ಇದಕ್ಕೆಲ್ಲ ಪ್ರತಿಫಲವೇನು? ಹಳೆಯ ನ್ಯೂಕಾಮನ್ ಯಂತ್ರ ಅಷ್ಟೇ ಕೆಲಸಕ್ಕೆ ಎಷ್ಟು ಕಲ್ಲಿದ್ದಲು ತಿನ್ನುತ್ತಿತ್ತೋ ಅದರಲ್ಲಿ ಹೊಸ ಯಂತ್ರದಿಂದ ಎಷ್ಟು ಉಳಿಯಿತೋ ಲೆಕ್ಕ ಹಾಕಿ, ಆ ಉಳಿತಾಯದ ಬೆಲೆಯ ಮೂರರಲ್ಲೊಂದು ಪಾಲನ್ನು ಪೇಟೆಂಟಿನ ಅವಧಿ ಮುಗಿಯುವ ತನಕ ಕೊಡುತ್ತಿರಬೇಕು. ಉಳಿಯದಿದ್ದರೆ ಕೊಡಬೇಕಾಗಿಲ್ಲ.

ಲೆಕ್ಕದಲ್ಲಿ ಮೋಸ ಬರಬಾರದೆಂದು ಯಂತ್ರದ ತೊಲೆಗೆ ಎಣಿಕೆಯ ಪೆಟ್ಟಿಗೆಯೊಂದನ್ನು ಜೋಡಿಸಿ ಬೀಗ ಹಾಕಿದರು. ತೊಲೆ ಒಮ್ಮೆ ಏರಿ ಇಳಿದರೆ ಒಂದು ಅಂಕೆ ಮುಂದೆ ಹೋಗುತ್ತದೆ. ಇಂದು ನಮ್ಮ ಮನೆಯ ಗೋಡೆಗೆ ಸೀಲು ಹಾಕಿ ನೇತು ಹಾಕಿದ ಮೀಟರಿನ ಮುತ್ತಜ್ಜನೆಂದೇ ಅದನ್ನು ಕರೆಯಬಹುದು. ವಸ್ತುವನ್ನು ಮಾರಿ ಕೈತೊಳೆದುಕೊಳ್ಳುವ ಹಳೆಯ ವ್ಯಾಪಾರದ ಬದಲು, ವಸ್ತುವಿನಿಂದ ಗಿರಾಕಿಗಾಗುವ ಪ್ರಯೋಜನವನ್ನು ಅಳೆದು ವರ್ಷವರ್ಷವೂ ಪಾಲು ಪಡೆಯುವ ಹೊಸ ವ್ಯಾಪಾರ ಹೀಗೆ ಬೇರೂರಿತು.

ಪಾಲು ಗೇಣಿಯಾದಾಗ

ಆರಂಭದಲ್ಲಿ ಎಲ್ಲರಿಗೂ ಹಿತವೆನಿಸಿತು. ಮುಳುಗಿದ್ದ ಗಣಿಗಳು ಬರಿದಾದುವು. ಕೆಲವೇ ವರ್ಷಗಳಲ್ಲಿ ಕಾರ್ನ್‌ವಾಲಿನ ಹಳೆಯ ಯಂತ್ರಗಳ ಬಹುಪಾಲು ಮೂಲೆ ಸೇರಿದುವು. ಹಳೆಯ ಯಂತ್ರ ಕಣ್ಣ ಮುಂದಿರುವಷ್ಟು ಕಾಲ ಉಳಿತಾಯವೂ ಕಣ್ಣಿಗೆ ಕಾಣುತ್ತಿತ್ತು. ಅದು ಗುಜರಿಯಾದ ಮೇಲೆ ಉಳಿತಾಯ ಕಾಗದದ ಮೇಲಿನ ಅಂಕೆಯಾಗಿ ಉಳಿಯಿತು. ಕೊಡಬೇಕಾದ ಹಣ ಮಾತ್ರ ಕೈಯಿಂದ ಹೋಗುತ್ತಲೇ ಇತ್ತು. ಅನೇಕ ಕಡೆ ಲೆಕ್ಕದ ಜಗಳ ತಪ್ಪಿಸಲು ಪಾಲಿನ ಬದಲು ವರ್ಷಕ್ಕಿಷ್ಟೆಂಬ ನಿಗದಿಯಾಯಿತು. ಗೇಣಿಯ ಕಾಲವನ್ನು ಕಂಡ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳೆಯಲ್ಲಿ ಪಾಲು ಕೊಡುವುದು ಒಂದು, ಬೆಳೆ ಬರಲಿ ಬಾರದಿರಲಿ ನಿಗದಿ ಗೇಣಿ ಅಳೆಯುವುದು ಇನ್ನೊಂದು. ಮೊದಲನೆಯದರಲ್ಲಿ ಒಡೆಯನೂ ಮಳೆಗೆ ಹೆದರುತ್ತಾನೆ. ಎರಡನೆಯದರಲ್ಲಿ ಒಕ್ಕಲು ಒಬ್ಬನೇ ಹೆದರಬೇಕು.

ಅದೇ ಹೊತ್ತಿಗೆ ವೇಲ್ಸ್‌ನ ಆಂಗ್ಲ್‌ಸೀ ದ್ವೀಪದಲ್ಲಿ ನೆಲದ ಮೇಲ್ಮಟ್ಟದಲ್ಲೇ ತಾಮ್ರ ಸಿಕ್ಕಿ ಬೆಲೆ ಇಳಿಯಿತು. ಕಾರ್ನ್‌ವಾಲಿನ ಗಣಿಯವರು ಕಂಗಾಲಾದರು. ಬೋಲ್ಟನ್ ಮತ್ತು ವಾಟ್ ತಾವೇ ಕೆಲವು ಗಣಿಗಳಲ್ಲಿ ಷೇರು ತೆಗೆದುಕೊಂಡು ಗಿರಾಕಿಗಳನ್ನು ಉಳಿಸಿಕೊಳ್ಳಬೇಕಾಯಿತು. ಗಿರಾಕಿ ಮುಳುಗಿದರೆ ಪಾಲು ಕೇಳುವವನೂ ಮುಳುಗುತ್ತಾನೆಂಬುದು ಬೋಲ್ಟನ್‌ಗೆ ಗೊತ್ತಿತ್ತು. ಚೌಕಾಶಿ ಎಂದರೆ ವಾಟ್‌ನಿಗೆ ಜೀವ ಹೋಗುತ್ತಿತ್ತು. ತಲೆನೋವು ಹಿಡಿದು ಮಲಗಿಬಿಡುತ್ತಿದ್ದ. ಹುರಿದುಂಬಿಸಿ ಎಬ್ಬಿಸುತ್ತಿದ್ದವನು ಬೋಲ್ಟನ್. ಕಾರ್ನ್‌ವಾಲಿನ ಹೊರೆಯನ್ನು ಬಹುಮಟ್ಟಿಗೆ ಹೊತ್ತವನು ವಿಲಿಯಂ ಮರ್ಡಾಕ್ ಎಂಬ ನಿಷ್ಠಾವಂತ ಕುಶಲಿ. ಈತ 1792ರಲ್ಲಿ ರೆಡ್ರೂತ್ ಎಂಬ ಊರಿನ ತನ್ನ ಮನೆಯಲ್ಲಿ ಕಲ್ಲಿದ್ದಲ ಅನಿಲದ ದೀಪ ಉರಿಸಿದವನು.

ಕುದುರೆಯ ಲೆಕ್ಕ

ನೀರೆತ್ತುವ ಗಣಿಗಳೆಲ್ಲ ಮುಗಿದ ಮೇಲೆ ಮುಂದೇನು? ಚಕ್ರ ತಿರುಗಿಸುವ ಯಂತ್ರ ಬೇಕು. ಆಗ ನೂಲಿನ ಗಿರಣಿ, ಹಿಟ್ಟಿನ ಗಿರಣಿ, ಮದ್ಯದ ಭಟ್ಟಿಗಳೆಲ್ಲ ಗಿರಾಕಿಗಳಾಗುತ್ತವೆ ಎಂದು ಬೋಲ್ಟನ್ ಒತ್ತಾಯಿಸಿದ. ಇಲ್ಲೊಂದು ವಿಚಿತ್ರ ನಡೆಯಿತು. ಏರಿಳಿಯುವ ಚಲನೆಯನ್ನು ತಿರುಗುವ ಚಲನೆಯಾಗಿಸುವ ಸರಳ ಉಪಾಯವೆಂದರೆ ಕ್ರ್ಯಾಂಕು. ಸಾಣೆಕಲ್ಲಿನಲ್ಲೂ ಹೊಲಿಗೆ ಯಂತ್ರದ ಪೆಡಲಿನಲ್ಲೂ ನಾವು ಕಾಣುವುದು ಅದನ್ನೇ. ಅದನ್ನು ಉಗಿಯಂತ್ರಕ್ಕೆ ಜೋಡಿಸುವ ಪೇಟೆಂಟನ್ನು 1780ರಲ್ಲಿ ಬೇರೊಬ್ಬ ಪಡೆದುಬಿಟ್ಟಿದ್ದ. ಪೇಟೆಂಟಿನ ಬೇಲಿ ಕಟ್ಟಿ ಇತರರನ್ನು ಹೊರಗಿಟ್ಟ ವಾಟ್ ಈಗ ಇನ್ನೊಬ್ಬನ ಬೇಲಿಯ ಹೊರಗೆ ನಿಲ್ಲಬೇಕಾಯಿತು. 1781ರಲ್ಲಿ ಆತ ಹಲ್ಲುಚಕ್ರವೊಂದು ಇನ್ನೊಂದನ್ನು ಸುತ್ತುವ ಬಳಸುದಾರಿಯ ವ್ಯವಸ್ಥೆಗೆ ಪೇಟೆಂಟು ಪಡೆದು ಮುಂದುವರಿದ. 1782ರಲ್ಲಿ ಪಿಸ್ಟನ್ನಿನ ಎರಡೂ ಬದಿಗೆ ಉಗಿ ಹಾಯಿಸುವ ಯಂತ್ರ, 1784ರಲ್ಲಿ ಪಿಸ್ಟನ್ನಿನ ದಂಡವನ್ನು ನೇರವಾಗಿ ನಡೆಸುವ ಸಮಾಂತರ ಚಲನೆಯ ಜೋಡಣೆ, 1788ರಲ್ಲಿ ವೇಗವನ್ನು ತಾನಾಗಿ ಹತೋಟಿಯಲ್ಲಿಡುವ ಗುಂಡುಗಳ ನಿಯಂತ್ರಕ ಒಂದಾದ ಮೇಲೊಂದು ಬಂದುವು.

ಆದರೆ ಗಿರಣಿಯವರಲ್ಲಿ ಹೋಲಿಕೆಗೆ ಹಳೆಯ ಉಗಿಯಂತ್ರವೇ ಇರಲಿಲ್ಲ, ಅವರಲ್ಲಿದ್ದದ್ದು ಕುದುರೆಗಳು. ಹಾಗಾದರೆ ಪಾಲನ್ನು ಯಾವ ಆಧಾರದಲ್ಲಿ ಕೇಳುವುದು? ವಾಟ್ ಕುದುರೆಯ ಕೆಲಸವನ್ನೇ ಅಳೆದ. ನಿಮಿಷವೊಂದಕ್ಕೆ 33,000 ಪೌಂಡು ಭಾರವನ್ನು ಒಂದು ಅಡಿ ಎತ್ತುವುದು ಒಂದು ಕುದುರೆಯ ಶಕ್ತಿ ಎಂದು ನಿಗದಿ ಮಾಡಿದ. ಇಂದಿನ ಲೆಕ್ಕದಲ್ಲಿ ಅದು ಸುಮಾರು 746 ವಾಟ್. ಒಂದು ಅಶ್ವಶಕ್ತಿಗೆ ವರ್ಷಕ್ಕೆ 5 ಪೌಂಡು, ಲಂಡನ್ನಿನಲ್ಲಾದರೆ 6 ಪೌಂಡು ಎಂದು ದರ ಗೊತ್ತಾಯಿತು. ನಮ್ಮ ಪಂಪಿನ ಮೇಲಿನ ಎಚ್.ಪಿ. ಹೀಗೆ ವಿಜ್ಞಾನದ ಅಳತೆಯಾಗುವ ಮೊದಲು ವ್ಯಾಪಾರದ ಅಳತೆಯಾಗಿತ್ತು ಎಂಬುದನ್ನು ಎಷ್ಟು ಮಂದಿ ಬಲ್ಲರು!

ವ್ಯಾಪಾರದ ಪತ್ರಗಳನ್ನು ಕೈಯಲ್ಲಿ ನಕಲು ಮಾಡಿ ಬೇಸತ್ತು ವಾಟ್ 1780ರಲ್ಲಿ ಪತ್ರಗಳ ನಕಲು ತೆಗೆಯುವ ಒತ್ತುಯಂತ್ರಕ್ಕೂ ಪೇಟೆಂಟು ಪಡೆದ. ತೇವದ ತೆಳು ಕಾಗದವನ್ನು ಮೂಲ ಪತ್ರದ ಮೇಲಿಟ್ಟು ಒತ್ತುವ ಈ ಪದ್ಧತಿ ಇಪ್ಪತ್ತನೆಯ ಶತಮಾನದ ತನಕವೂ ಕಚೇರಿಗಳಲ್ಲಿ ಬಳಕೆಯಲ್ಲಿತ್ತು.

ಗೆದ್ದವರು, ಸೋತವರು

ಹೊಸ ಯಂತ್ರ ಎಲ್ಲರಿಗೂ ಸಮನಾಗಿ ಒಳಿತು ಮಾಡಲಿಲ್ಲ. ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್ ಸೇತುವೆಯ ಬಳಿ 1786ರಲ್ಲಿ ಆಲ್ಬಿಯನ್ ಹಿಟ್ಟಿನ ಗಿರಣಿ ಉಗಿಯ ಬಲದಿಂದ ಆರಂಭವಾಯಿತು. ಬೋಲ್ಟನ್ ಮತ್ತು ವಾಟ್ ಅದರಲ್ಲಿ ಹಣ ಹೂಡಿದ್ದರು. 1791ರ ಮಾರ್ಚ್‌ನಲ್ಲಿ ಅದು ಸುಟ್ಟು ಬೂದಿಯಾದಾಗ ಹಳೆಯ ಗಿರಣಿಗಳ ಹಿಟ್ಟಿನವರು ಬೀದಿಯಲ್ಲಿ ಸಂತೋಷಪಟ್ಟರು. ಉಗಿಯ ಬಲದ ಹತ್ತಿ ಗಿರಣಿಗಳು ಹೆಚ್ಚಿದಂತೆ ಕೈಮಗ್ಗದವರ ಕೂಲಿ ಇಳಿಯಿತು. ಅಗ್ಗದ ಗಿರಣಿ ಬಟ್ಟೆ ಮುಂದಿನ ಶತಮಾನದಲ್ಲಿ ನಮ್ಮ ದೇಶದ ನೇಕಾರರ ಹೊಟ್ಟೆಗೂ ಹೊಡೆಯಿತು. ಸೊಹೊದ ಯಂತ್ರಗಳು ವೆಸ್ಟ್ ಇಂಡೀಸಿನಲ್ಲಿ ಗುಲಾಮರು ದುಡಿಯುವ ಕಬ್ಬಿನ ತೋಟಗಳಿಗೂ ಹೋದುವು. ಮಹಾಪುರುಷರ ಚರಿತ್ರೆಯಲ್ಲಿ ಇದನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ನಮ್ಮ ಸೀಮೆಗೂ ಸೊಹೊದ ಉಗಿ ತಾಗಿದೆ. ಬೋಲ್ಟನ್ 1788ರ ಸುಮಾರಿಗೆ ಉಗಿಯಂತ್ರದಿಂದ ನಾಣ್ಯ ಒತ್ತುವ ಟಂಕಸಾಲೆ ಸ್ಥಾಪಿಸಿದ. ಈಸ್ಟ್ ಇಂಡಿಯಾ ಕಂಪೆನಿ ಮದ್ರಾಸ್ ಪ್ರೆಸಿಡೆನ್ಸಿಗಾಗಿ 1803 ಮತ್ತು 1808ರ ತಾಮ್ರದ ಕಾಸುಗಳನ್ನು ಅಲ್ಲಿಯೇ ಒತ್ತಿಸಿತು. ಅಂಥ ಕಾಸುಗಳನ್ನು ಹೇರಿಕೊಂಡು ಹೊರಟ ಅಡ್ಮಿರಲ್ ಗಾರ್ಡ್ನರ್ ಎಂಬ ಹಡಗು 1809ರಲ್ಲಿ ಇಂಗ್ಲೆಂಡಿನ ಕರಾವಳಿಯಲ್ಲೇ ಮುಳುಗಿತು. 1799ರಿಂದ ಕಂಪೆನಿಯ ಕೈಗೆ ಬಂದಿದ್ದ ಕನ್ನಡ ಜಿಲ್ಲೆ, ಅದರೊಂದಿಗೆ ನಮ್ಮ ಕಾಸರಗೋಡು, ಆಗ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ಒಂದೇ ತೂಕ, ಒಂದೇ ಅಂಚಿನ ಕಾಸನ್ನು ಯಂತ್ರ ಸಾವಿರಗಟ್ಟಲೆ ಒತ್ತುವಾಗ ಖೋಟಾ ನಾಣ್ಯದವನಿಗೆ ಕೆಲಸ ಕಷ್ಟವಾಯಿತು.

ಕಾರ್ನ್‌ವಾಲಿನಲ್ಲಿ ಅಸಮಾಧಾನ ಬೆಳೆಯಿತು. ಅಲ್ಲಿನ ಕುಶಲಿಗಳು ತಮ್ಮದೇ ಸುಧಾರಿತ ಯಂತ್ರಗಳನ್ನು ಮಾಡಿದರೆ ವಾಟ್‌ನ ಪೇಟೆಂಟು ಅಡ್ಡ ಬರುತ್ತಿತ್ತು. ಪೇಟೆಂಟಿನ ವಿವರಣೆ ಬಹಳ ವಿಶಾಲವಾಗಿತ್ತು. ಅದರೊಂದಿಗೆ ನಕ್ಷೆಯೂ ಇರಲಿಲ್ಲ. ಹಲವು ಗಣಿಯವರು ಪಾಲು ಕೊಡುವುದನ್ನೇ ನಿಲ್ಲಿಸಿದರು. 1793ರಲ್ಲಿ ಎಡ್ವರ್ಡ್ ಬುಲ್‌ನ ಮೇಲೆ, ಬಳಿಕ ಹಾರ್ನ್‌ಬ್ಲೋವರ್‌ನ ಮೇಲೆ ದಾವೆಗಳು ನಡೆದು 1799ರಲ್ಲಿ ತೀರ್ಪು ವಾಟ್‌ನ ಪರವಾಯಿತು. ಬಾಕಿ ಹಣ ವಸೂಲಾಯಿತು. ಆದರೆ ಪೇಟೆಂಟಿಗೆ ಉಳಿದಿದ್ದ ಆಯುಷ್ಯ ಒಂದೇ ವರ್ಷ.

1800ರಲ್ಲಿ ಬೇಲಿ ತೆರೆಯಿತು. ಅಷ್ಟರೊಳಗೆ ಸುಮಾರು 500 ಯಂತ್ರಗಳು ಬೋಲ್ಟನ್-ವಾಟ್ ಹೆಸರಿನಲ್ಲಿ ನಿಂತಿದ್ದುವು. ಹೆಚ್ಚು ಒತ್ತಡದ ಉಗಿ ಅಪಾಯಕಾರಿಯೆಂದು ವಾಟ್ ಕೊನೆಯ ತನಕ ವಿರೋಧಿಸಿದ್ದ. ಕಾರ್ನ್‌ವಾಲಿನವನೇ ಆದ ರಿಚರ್ಡ್ ಟ್ರೆವಿಥಿಕ್ ಅದನ್ನೇ ಬಳಸಿ 1804ರಲ್ಲಿ ಹಳಿಯ ಮೇಲೆ ಉಗಿಬಂಡಿ ಓಡಿಸಿದ. 1811ರಿಂದ ಕಾರ್ನ್‌ವಾಲಿನ ಗಣಿಯವರು ಯಾವ ಯಂತ್ರ ಎಷ್ಟು ಕಲ್ಲಿದ್ದಲಿನಲ್ಲಿ ಎಷ್ಟು ನೀರೆತ್ತಿತೆಂಬ ಪಟ್ಟಿಯನ್ನು ತಿಂಗಳು ತಿಂಗಳು ಅಚ್ಚು ಹಾಕಿ ಹಂಚತೊಡಗಿದರು. ಒಬ್ಬ ಕಲಿತದ್ದು ಎಲ್ಲರಿಗೂ ತಿಳಿಯುತ್ತಿತ್ತು. ಮುಂದಿನ ಮೂವತ್ತು ವರ್ಷಗಳಲ್ಲಿ ಅಲ್ಲಿನ ಯಂತ್ರಗಳ ಸಾಮರ್ಥ್ಯ ಸರಾಸರಿ ಸುಮಾರು ಮೂರು ಪಟ್ಟಾಯಿತು. ಬೇಲಿಯಿಲ್ಲದಿದ್ದರೆ ಬೋಲ್ಟನ್ ಹಣ ಹೂಡುತ್ತಿದ್ದನೆ ಎಂಬುದು ಒಂದು ಪ್ರಶ್ನೆ. ಬೇಲಿ ಅಷ್ಟು ವರ್ಷ ಇರಬೇಕಿತ್ತೆ ಎಂಬುದು ಇನ್ನೊಂದು. ಎರಡೂ ಪ್ರಶ್ನೆಗಳು ಇಂದಿಗೂ ಜೀವಂತವಾಗಿವೆ.

ಕೊನೆಯ ವರ್ಷಗಳು

ವಾಟ್ 1800ರಲ್ಲಿ ವ್ಯಾಪಾರದಿಂದ ನಿವೃತ್ತನಾದ. 1776ರಲ್ಲಿ ಕೈಹಿಡಿದಿದ್ದ ಎರಡನೆಯ ಮಡದಿ ಆ್ಯನ್ ಜೊತೆಗಿದ್ದಳು. ಆದರೆ ಅವಳ ಇಬ್ಬರು ಮಕ್ಕಳೂ ತಂದೆಯ ಕಣ್ಣೆದುರೇ ಹೋದರು. ಮಗಳು 1794ರಲ್ಲಿ, ಪ್ರತಿಭಾವಂತ ಮಗ ಗ್ರೆಗರಿ 1804ರಲ್ಲಿ. 1809ರಲ್ಲಿ ಬೋಲ್ಟನ್ ತೀರಿಕೊಂಡ. ಒಂಟಿಯಾದ ಮುದುಕ ತನ್ನ ಮನೆಯ ಅಟ್ಟದ ಕಾರ್ಯಾಗಾರದಲ್ಲಿ ಶಿಲ್ಪಗಳ ಪಡಿಯಚ್ಚು ತೆಗೆಯುವ ಯಂತ್ರಗಳನ್ನು ಮಾಡುತ್ತ ಕುಳಿತ. 1819ರ ಆಗಸ್ಟ್ 25ರಂದು 83ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದ. ಹ್ಯಾಂಡ್ಸ್‌ವರ್ತಿನ ಚರ್ಚಿನಲ್ಲಿ ಬೋಲ್ಟನ್ ಮಲಗಿರುವಲ್ಲಿಯೇ ವಾಟ್‌ನ ಸಮಾಧಿಯೂ ಇದೆ. ಅಟ್ಟದ ಕಾರ್ಯಾಗಾರ ಇದ್ದಂತೆಯೇ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯ ಸೇರಿದೆ. ಶಕ್ತಿಯ ಅಳತೆಗೆ ಆತನ ಹೆಸರಿಡುವ ಸೂಚನೆ ಬಂದದ್ದು 1882ರಲ್ಲಿ. 2011ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಹೊರಡಿಸಿದ 50 ಪೌಂಡಿನ ನೋಟಿನಲ್ಲಿ ಬೋಲ್ಟನ್ ಮತ್ತು ವಾಟ್ ಇಬ್ಬರ ಚಿತ್ರವೂ ಇತ್ತು. 2022ರ ಸೆಪ್ಟೆಂಬರಿನೊಂದಿಗೆ ಆ ನೋಟಿನ ಚಲಾವಣೆ ಕೊನೆಗೊಂಡಿತು.

ನಮಗೇನು?

ಇನ್ನೂರು ವರ್ಷಗಳ ಹಿಂದಿನ ಈ ಕತೆ ನಮಗೇಕೆ ಎಂದು ಕೇಳುವವರಿರಬಹುದು. ಸುತ್ತ ನೋಡಿದರೆ ಸಾಕು. 1962ರಲ್ಲಿ ಬ್ರಿಟನ್ನಿನ ವಿಮಾನ ಎಂಜಿನಿನ ಕಂಪೆನಿಯೊಂದು ದುರಸ್ತಿಗೆ ಬಿಡಿಬಿಡಿಯಾಗಿ ಹಣ ಕೇಳುವುದನ್ನು ಬಿಟ್ಟು, ಎಂಜಿನು ಹಾರಿದ ಗಂಟೆಗಿಷ್ಟೆಂದು ತೆಗೆದುಕೊಳ್ಳತೊಡಗಿತು. ಇಂದು ಅಂಗಡಿಯ ಲೆಕ್ಕ ಬರೆಯುವ ಕಂಪ್ಯೂಟರ್ ತಂತ್ರಾಂಶಕ್ಕೆ ವರ್ಷ ವರ್ಷ ಚಂದಾ ಕಟ್ಟಬೇಕು. ಮೊಬೈಲ್ ಮೂಲಕ ಗಿರಾಕಿಯನ್ನು ತಂದುಕೊಡುವ ಕಂಪೆನಿ ಹೋಟೆಲಿನವನಿಂದಲೂ ಬಾಡಿಗೆ ಕಾರಿನವನಿಂದಲೂ ಪ್ರತಿ ವ್ಯವಹಾರದಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಬೀಗ ಹಾಕಿದ ಎಣಿಕೆಯ ಪೆಟ್ಟಿಗೆ ಈಗ ಕಣ್ಣಿಗೆ ಕಾಣದ ರೂಪದಲ್ಲಿ ಎಲ್ಲ ಕಡೆ ಇದೆ. ಅಂದಿನ ಪೆಟ್ಟಿಗೆ ಗಣಿಯವನ ಕಣ್ಣೆದುರಿನಲ್ಲೇ ಇತ್ತು. ಇಂದಿನದನ್ನು ಓದುವವನು ಹೆಚ್ಚಾಗಿ ಕಂಪೆನಿಯವನೊಬ್ಬನೇ.

ಆದುದರಿಂದ ಹೊಸ ಯಂತ್ರ, ಹೊಸ ವ್ಯವಸ್ಥೆ ಮನೆಬಾಗಿಲಿಗೆ ಬಂದಾಗ ಬೇಡವೆಂದು ಬಾಗಿಲು ಹಾಕುವುದೂ ಜಾಣತನವಲ್ಲ, ಕಣ್ಣು ಮುಚ್ಚಿ ಸಹಿ ಹಾಕುವುದೂ ಜಾಣತನವಲ್ಲ. ಉಳಿತಾಯವನ್ನು ಯಾವ ಹಳೆಯ ಲೆಕ್ಕಕ್ಕೆ ಹೋಲಿಸಿದ್ದಾರೆ? ಎಣಿಕೆಯ ಪೆಟ್ಟಿಗೆಯ ಕೀಲಿ ಯಾರಲ್ಲಿದೆ? ನಷ್ಟ ಬಂದ ವರ್ಷ ಕೊಡಬೇಕಾದದ್ದು ಪಾಲೋ, ಗೇಣಿಯೋ? ಒಪ್ಪಂದ ಎಂದು ಮುಗಿಯುತ್ತದೆ? ಈ ನಾಲ್ಕನ್ನು ಕೇಳಿ ತಿಳಿದುಕೊಳ್ಳುವುದು ವ್ಯಾಪಾರಿಗೂ ಕೃಷಿಕನಿಗೂ ಅಗತ್ಯ. ಒಬ್ಬೊಬ್ಬರೇ ಕೇಳಿದರೆ ಉತ್ತರ ಸಿಗುವುದು ಕಷ್ಟ. ಕೂಡಿ ಕೇಳಿದರೆ ಸಿಕ್ಕೀತು. ಅಡಿಕೆಯ ಬೆಲೆ ಕುಸಿದ ದಿನಗಳಲ್ಲಿ, 1973ರಲ್ಲಿ, ಗಡಿಯ ಎರಡೂ ಕಡೆಯ ಬೆಳೆಗಾರರು ಕೂಡಿ ಕ್ಯಾಂಪ್ಕೋ ಕಟ್ಟಿದ ಅನುಭವ ನಮ್ಮ ಮನೆಗಳಲ್ಲೇ ಇದೆ.

ವಾಟ್ ಕಲ್ಲಿದ್ದಲನ್ನು ಉಳಿಸಿದ. ಉಳಿದದ್ದರಲ್ಲಿ ಪಾಲನ್ನೂ ಕೇಳಿದ. ಉಳಿಸಿದವನು ಪಾಲು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಆ ಪಾಲು ಎಷ್ಟಿರಬೇಕು, ಎಷ್ಟು ಕಾಲ ಇರಬೇಕು ಎಂಬುದನ್ನು ಆತನೊಬ್ಬನೇ ಹೇಳಿದರೆ ಸಾಲದು. ಕಲ್ಲಿದ್ದಲು ಕೊಳ್ಳುವವನಿಗೂ ಗಣಿಯ ತಳದಲ್ಲಿ ನೀರಿನೊಳಗೆ ನಿಂತು ದುಡಿಯುವವನಿಗೂ ಅದರಲ್ಲಿ ಮಾತಿರಬೇಕು.